ಮತ ಊರಲ್ಲಿ, ತಲೆ ಪುಣೆಯಲ್ಲಿ: ನಮ್ಮಂಥ ಸಣ್ಣ ಸಂಸ್ಥೆಗಳು ಎಣಿಕೆಯ ಕೆಲಸಕ್ಕೆ ಇಳಿಯಬೇಕಾ?

ಕಟ್ಟೆ ಮಾತು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ನಮ್ಮದು ಸಣ್ಣ ಸಂಸ್ಥೆ. ಆರು ಜನ, ಒಂದು ಬಾಡಿಗೆ ಕೋಣೆ, ಎರಡು ಬೈಕು. ಜೇವರ್ಗಿ ಮತ್ತು ಶಹಾಪುರ ತಾಲೂಕಿನ ಕೆಲವು ಹಳ್ಳಿಗಳಲ್ಲಿ ಮಕ್ಕಳಿಗೆ ಸಂಜೆ ಪಾಠ ಹೇಳುತ್ತೇವೆ. ಚುನಾವಣೆ, ಗಣತಿ ಇವೆಲ್ಲ ನಮ್ಮ ಕೆಲಸ ಅಂತ ಎಂದೂ ಅಂದುಕೊಂಡಿರಲಿಲ್ಲ.

2024ರ ಮೇ 7ರಂದು ನಮ್ಮಲ್ಲಿ ಲೋಕಸಭೆ ಮತದಾನ. ಪುಣೆಗೆ ಗೌಂಡಿ ಕೆಲಸದವರ ಜೊತೆ ಹೋಗಿದ್ದ ಒಬ್ಬ ಅವ್ವ ಓಟು ಹಾಕಲೆಂದೇ ಊರಿಗೆ ಬಂದಿದ್ದರು. ನಮ್ಮಲ್ಲಿ ಓದುವ ಹುಡುಗಿಯೊಬ್ಬಳ ಅಜ್ಜಿ. ಪಟ್ಟಿಯಲ್ಲಿ ಹೆಸರಿಲ್ಲ. 'ಸ್ಥಳಾಂತರ' ಅಂತ ತೆಗೆದಿದ್ದರು. ಮನೆ ಅಲ್ಲೇ ಇದೆ, ರೇಷನ್ ಕಾರ್ಡ್ ಅಲ್ಲೇ ಇದೆ, ಅವರ ಮೂರು ಆಡು ಕೂಡ ಅಲ್ಲೇ ಇವೆ. "ದುಡಿಯಾಕ ಹೋಗಿದ್ದೆ ತಮ್ಮಾ, ಸತ್ತಿದ್ದಿಲ್ಲ" ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಈಗ ಜನಗಣತಿ ಬಂದಿದೆ. ಮನೆ ಪಟ್ಟಿ ಮಾಡೋದು 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ, ಜನರನ್ನು ಎಣಿಸೋದು 2027ರ ಫೆಬ್ರವರಿಯಲ್ಲಿ. ಫೆಬ್ರವರಿ ಅಂದ್ರೆ ತೊಗರಿ ರಾಶಿ ಮುಗಿದು ಅರ್ಧ ಊರು ಗುಳೆ ಹೋಗಿರುವ ಹೊತ್ತು. ಬೀದಿಯಲ್ಲಿ ಮುದುಕರು, ಮಕ್ಕಳು, ನಾಯಿ ಬಿಟ್ಟರೆ ಯಾರೂ ಸಿಗಲ್ಲ.

ಮತದಾರರ ಪಟ್ಟಿ ಮತ್ತು ಗಣತಿ ಎರಡರಲ್ಲೂ ಜನರಿಗೆ ನೆರವಾಗೋಣ ಅಂತ ಸಭೆಯಲ್ಲಿ ಹೇಳಿದೆ. ನಮ್ಮ ಸಮಿತಿಯ ಹಿರಿಯರೊಬ್ಬರು ಬೇಡ ಅಂದರು. "ಪಾಠ ಹೇಳಿ, ಸಾಕು. ಓಟಿಗೆ ಕೈ ಹಾಕಿದರೆ ನಾಳೆ ನೀವು ಯಾವ ಪಕ್ಷ ಅಂತ ಕೇಳ್ತಾರೆ." ಅವರದ್ದು ತಪ್ಪು ಅಂತಲೂ ಅನಿಸಲಿಲ್ಲ. ನೀವೇನಂತೀರಿ?


ಸುಮ್ನೆ ಓದುವವ

ನಿಮ್ಮ ಹಿರಿಯರು ಹೇಳಿದ್ದೇ ಸರಿ. 2022ರ ನವೆಂಬರ್ ಮರೆತಿರಾ? ಬೆಂಗಳೂರಿನ ಚಿಲುಮೆ ಪ್ರಕರಣ. ಮತದಾರರ ಜಾಗೃತಿಗೆ ಅಂತ ಪಾಲಿಕೆಯಿಂದ ಅನುಮತಿ ಪಡೆದಿದ್ದ ಸಂಸ್ಥೆ ಅದು. ಅದರ ಜನ ಬಿಎಲ್‌ಒ (ಮತಗಟ್ಟೆ ಮಟ್ಟದಲ್ಲಿ ಮತದಾರರ ಪಟ್ಟಿ ನೋಡಿಕೊಳ್ಳುವ ಅಧಿಕಾರಿ) ಅಂತ ಗುರುತಿನ ಚೀಟಿ ಹಾಕಿಕೊಂಡು ಮನೆ ಮನೆ ತಿರುಗಿ ಮಾಹಿತಿ ಸಂಗ್ರಹಿಸಿದರು ಅನ್ನೋದು ಆರೋಪ. ಅನುಮತಿ ರದ್ದಾಯಿತು, ಕೇಸಾಯಿತು, ಬಂಧನ ಆಯಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಮೂರೂ ಕಡೆ ಪಟ್ಟಿಯನ್ನು ಮತ್ತೆ ಪರಿಶೀಲಿಸಿ ಅಂತ ಚುನಾವಣಾ ಆಯೋಗ ಹೇಳಬೇಕಾಯಿತು.

ಅದೂ ಒಂದು ಟ್ರಸ್ಟೇ. ಲಾಭಕ್ಕಲ್ಲ ಅಂತ ಬೋರ್ಡು ಹಾಕಿದ ಮಾತ್ರಕ್ಕೆ ನಂಬಬೇಕಾ? ಮೂರು ತಿಂಗಳಿಗೊಂದು ಸಂಸ್ಥೆ ಹುಟ್ಟುತ್ತೆ, ಫಂಡು ಮುಗಿದ ಮೇಲೆ ಬೋರ್ಡೂ ಇರಲ್ಲ.


ಕರಿಕೋಟು (ಕಲಬುರಗಿ)

ವಕೀಲಿಕೆ ಮಾಡುವವನಾಗಿ ಎರಡು ಮಾತು.

ಒಂದು, ಸುಮ್ನೆ ಓದುವವರ ಸಿಟ್ಟು ನ್ಯಾಯವಾದದ್ದು. ಆದರೆ ಅದೇ ನಾಣ್ಯದ ಇನ್ನೊಂದು ಮುಖವನ್ನೂ ನೋಡಿ. ಇವತ್ತು ಅಭ್ಯರ್ಥಿ ತನ್ನ ಮೇಲಿನ ಕೇಸು, ಆಸ್ತಿ, ಓದು ಎಲ್ಲವನ್ನೂ ಅಫಿಡವಿಟ್‌ನಲ್ಲಿ ಬರೆಯುತ್ತಾನಲ್ಲ, ಅದು ಯಾವ ಸರ್ಕಾರವೂ ತಾನಾಗಿ ಕೊಟ್ಟದ್ದಲ್ಲ. ಚುನಾವಣಾ ಸುಧಾರಣೆಗೆ ದುಡಿಯುವ ಎಡಿಆರ್ ಅನ್ನೋ ಸಂಸ್ಥೆ ಕೋರ್ಟಿಗೆ ಹೋಯಿತು, 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮತಯಂತ್ರದ ಕೊನೆಯ ಬಟನ್, 'ಇವರ್ಯಾರೂ ಬೇಡ' ಅನ್ನೋ ನೋಟಾ, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹಾಕಿದ ಕೇಸಿನಿಂದ 2013ರಲ್ಲಿ ಬಂತು. 2025ರಲ್ಲಿ ಬಿಹಾರದ ಪಟ್ಟಿಯ ವಿಶೇಷ ಪರಿಷ್ಕರಣೆ ವೇಳೆ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗುಳಿದಾಗ, ಆ ಹೆಸರುಗಳನ್ನು ಕಾರಣದ ಸಮೇತ ಪ್ರಕಟಿಸಿ ಅಂತ ಆಗಸ್ಟ್ 14ರಂದು ಕೋರ್ಟ್ ಆದೇಶ ಕೊಟ್ಟಿತು. ಅಲ್ಲಿಯೂ ಅರ್ಜಿದಾರರಲ್ಲಿ ಎಡಿಆರ್ ಇತ್ತು.

ಎರಡು, ಆ ಅಜ್ಜಿಯ ವಿಷಯ. 1950ರ ಜನಪ್ರತಿನಿಧಿ ಕಾಯ್ದೆ 20ನೇ ಕಲಂ ನೋಡಿ. ತಾತ್ಕಾಲಿಕವಾಗಿ ಊರು ಬಿಟ್ಟು ಹೋದವರು ಆ ಕಾರಣಕ್ಕೇ ಆ ಊರಿನ ನಿವಾಸಿ ಅಲ್ಲದೆ ಹೋಗುವುದಿಲ್ಲ. 22ನೇ ಕಲಂ ಪ್ರಕಾರ ವಾಸ ಬದಲಾಗಿದೆ ಅಂತ ಹೆಸರು ತೆಗೆಯುವ ಮೊದಲು ಅವರ ಮಾತು ಕೇಳಲು ಅವಕಾಶ ಕೊಡಬೇಕು. ಪುಣೆಯಲ್ಲಿರುವ ಅಜ್ಜಿಗೆ ನೋಟಿಸು ಹಳ್ಳಿಯ ಬೀಗ ಹಾಕಿದ ಬಾಗಿಲಿಗೆ ಹೋಗಿದ್ದರೆ ಅದನ್ನು ಯಾರು ಓದಬೇಕು? ಆಡುಗಳಾ?


ಕಟ್ಟೆ ಮಾತು

ಆಡುಗಳು ನೋಟಿಸನ್ನು ತಿಂದಿರಲೂಬಹುದು ಸರ್. ಹೆಸರು ಸೇರಿಸುವ ಫಾರ್ಮ್ 6 ಮತ್ತೆ ಹಾಕಿಸಿದ್ದೇವೆ. ಈಗ ಹೆಸರು ಬಂದಿದೆ.


ಬೂತ್ ಅಕ್ಕ (ಯಾದಗಿರಿ)

ನಾನು ಅಂಗನವಾಡಿ ಕಾರ್ಯಕರ್ತೆ. ಬಿಎಲ್‌ಒ ಕೆಲಸವನ್ನೂ ಕೊಟ್ಟಿದ್ದಾರೆ. ಎಲ್ಲರೂ ನಮ್ಮನ್ನೇ ಬೈಯುವುದು ನೋಡಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಮಕ್ಕಳಿಗೆ ಆಹಾರ, ಮಧ್ಯಾಹ್ನ ಗರ್ಭಿಣಿಯರ ರಿಜಿಸ್ಟರ್, ಆಮೇಲೆ ಮತದಾರರ ಪಟ್ಟಿ. ಒಂದು ಮನೆಗೆ ಮೂರು ಸಲ ಹೋಗುತ್ತೇನೆ. ಮೂರೂ ಸಲ ಬೀಗ. ಪಕ್ಕದ ಮನೆಯವರನ್ನು ಕೇಳಿದರೆ "ಅವ್ರು ಹೋಗ್ಯಾರ್ರೀ" ಅಂತಾರೆ. ಹೋಗ್ಯಾರ ಅಂದ್ರೆ ಯುಗಾದಿಗೆ ಬರ್ತಾರಾ, ಮಳೆಗಾಲಕ್ಕೆ ಬರ್ತಾರಾ, ಇಲ್ಲಾ ಪೂರ್ತಿ ಬಿಟ್ಟು ಹೋದರಾ? ಅದನ್ನು ಯಾರೂ ಬಿಡಿಸಿ ಹೇಳಲ್ಲ. ಮೇಲಿನವರಿಗೆ ಮಾತ್ರ ಉತ್ತರ ಬೇಕು: ಇದ್ದಾರೋ ಇಲ್ಲವೋ. ನಡುವಿನ ಕಾಲಂ ಇಲ್ಲ.

ಸಂಸ್ಥೆಯವರು ಬರ್ತಾರೆ. ಮತದಾರರ ದಿನ ಜನವರಿ 25ಕ್ಕೆ ಬ್ಯಾನರ್ ಹಿಡಿದು ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ತಾರೆ. ಪ್ರತಿಜ್ಞೆ ಓದಿಸ್ತಾರೆ. ಚಹಾ ಕುಡಿದು ಹೋಗ್ತಾರೆ. ಒಬ್ಬರೂ "ಅಕ್ಕಾ, ಆ ಬೀಗದ ಮನೆಯವರು ಎಲ್ಲಿದ್ದಾರೆ, ನಾನು ಕೇಳ್ತೀನಿ" ಅಂದಿಲ್ಲ. ನೀವು ಬರುವುದಾದರೆ ಬ್ಯಾನರ್ ಬೇಡ. ಯಾರು ಎಲ್ಲಿಗೆ ಹೋಗಿದ್ದಾರೆ, ಯಾವಾಗ ಬರ್ತಾರೆ ಅನ್ನೋ ಪಟ್ಟಿ ತನ್ನಿ.


ಕರಿಕೋಟು

ಅಕ್ಕಾ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದರೆ ಯಾವ ಮನೆ ಖಾಲಿ ಇದೆ, ಎಷ್ಟು ತಿಂಗಳು ಖಾಲಿ ಇರುತ್ತೆ ಅನ್ನೋ ಪಟ್ಟಿ ಒಂದು ಸಂಸ್ಥೆಯ ಲ್ಯಾಪ್‌ಟಾಪ್‌ನಲ್ಲಿ ಕೂತರೆ ಅದು ಬಹಳ ಅಪಾಯ. ಯಾರ ಹೆಸರಿಗೆ ಫಾರ್ಮ್ 7, ಅಂದ್ರೆ ಹೆಸರು ತೆಗೆಯಿರಿ ಅನ್ನೋ ಅರ್ಜಿ, ಹಾಕಿದರೆ ಯಾರೂ ಕೇಳುವವರಿರಲ್ಲ ಅನ್ನೋದನ್ನೇ ಆ ಪಟ್ಟಿ ಹೇಳಿಕೊಡುತ್ತೆ.


ಆಳಂದ ರಸ್ತೆ

ಫಾರ್ಮ್ 7 ಅಂದ ಕೂಡಲೇ ನಮ್ಮೂರ ಕಥೆ ಹೇಳಲೇಬೇಕು. 2022ರ ಡಿಸೆಂಬರ್‌ನಲ್ಲಿ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಿರಿ ಅಂತ 6,018 ಆನ್‌ಲೈನ್ ಅರ್ಜಿ ಬಂದಿದ್ದವು. ಅನುಮಾನ ಬಂದು ಒಂದೊಂದೂ ಪರಿಶೀಲಿಸಿದರು. ಸರಿ ಇದ್ದದ್ದು 24. ಉಳಿದ 5,994 ತಪ್ಪು. ಇದು ಆಯೋಗವೇ ಹೇಳಿದ ಲೆಕ್ಕ. 2023ರ ಫೆಬ್ರವರಿಯಲ್ಲಿ ಎಫ್‌ಐಆರ್ ಆಯಿತು. ಆಮೇಲೆ ಅದು ದೆಹಲಿವರೆಗೂ ಹೋಗಿ ಎಲ್ಲ ಪಕ್ಷದವರೂ ಅವರವರಿಗೆ ಬೇಕಾದ ಹಾಗೆ ಮಾತಾಡಿದರು. ಅದು ಇಲ್ಲಿ ಬೇಡ. ಆದರೆ ಮನೆಯಲ್ಲೇ ಇದ್ದವರ ಹೆಸರಿಗೇ ಇಷ್ಟು ಅರ್ಜಿ ಬಂದರೆ, ಆರು ತಿಂಗಳು ಊರಲ್ಲಿ ಇಲ್ಲದವರ ಗತಿ ಏನು?


ಬೂತ್ ಅಕ್ಕ

ಸರ್, ಹಾಗಾದ್ರೆ ಪಟ್ಟಿ ಮಾಡೋದೇ ಬೇಡ ಅಂತೀರಾ? ನನಗೆ ಮತ್ತೆ ಬೀಗವೇ ಗತಿ.


ರಿಟೈರ್ಡ್ ಮಾಸ್ತರ (ಶಹಾಪುರ)

ಇಬ್ಬರೂ ಸ್ವಲ್ಪ ನಿಲ್ಲಿ. ಓಟಿನ ಪಟ್ಟಿ ಮತ್ತು ಜನಗಣತಿ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಿದ್ದೀರಿ. ಎರಡರ ನಿಯಮ ಬೇರೆ ಬೇರೆ. ನಾನು 2001 ಮತ್ತು 2011 ಎರಡರಲ್ಲೂ ಎಣಿಕೆದಾರನಾಗಿದ್ದೆ, ಅದಕ್ಕೆ ಹೇಳುತ್ತೇನೆ.

ಓಟಿನ ಕಾಯ್ದೆ "ದುಡಿಯಲು ಹೋದರೂ ನೀನು ನಿನ್ನ ಊರಿನವನೇ" ಅನ್ನುತ್ತೆ. ಜನಗಣತಿ ಹಾಗಲ್ಲ. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ಇಪ್ಪತ್ತು ದಿನವೂ ಮನೆಗೆ ಬಾರದೆ ಹೊರಗಿದ್ದವರನ್ನು ಮನೆಯ ಲೆಕ್ಕಕ್ಕೆ ಸೇರಿಸಬಾರದು, ಅವರು ಎಲ್ಲಿ ಇದ್ದಾರೋ ಅಲ್ಲಿ ಎಣಿಸುತ್ತಾರೆ ಅಂತ ತರಬೇತಿಯಲ್ಲಿ ನಮಗೆ ಕಲಿಸಿದ್ದರು. ಕಾಗದದಲ್ಲಿ ಚೆನ್ನಾಗಿದೆ. ಎರಡು ಸಲ ಎಣಿಕೆ ಆಗಬಾರದಲ್ಲ. ಆದರೆ ನಡೆದದ್ದೇನು? ನಾನು ಮನೆ ಮುಂದೆ ನಿಂತು ಮುದುಕಪ್ಪನನ್ನು ಕೇಳುತ್ತೇನೆ, "ಮುತ್ಯಾ, ಮಕ್ಕಳು ಎಲ್ಲಿ?" "ಬೆಂಗಳೂರಾಗ." ನಾನು ಅವರನ್ನು ಬಿಡುತ್ತೇನೆ. ಬೆಂಗಳೂರಿನಲ್ಲಿ ಕಟ್ಟಡದ ಮೂರನೇ ಮಹಡಿಯಲ್ಲಿ ಸಿಮೆಂಟ್ ಚೀಲದ ಪಕ್ಕ ಮಲಗಿದವನನ್ನು ಅಲ್ಲಿನ ಎಣಿಕೆದಾರ ಹುಡುಕಿಕೊಂಡು ಹೋದನಾ? ಫೆಬ್ರವರಿ 28ರ ರಾತ್ರಿ ಮನೆ ಇಲ್ಲದವರನ್ನು ಎಣಿಸುವ ಪದ್ಧತಿ ಇದೆ, ನಾನೂ ಬಸ್ ಸ್ಟ್ಯಾಂಡ್, ಗುಡಿ, ದರ್ಗಾ ಕಟ್ಟೆ ಸುತ್ತಿದ್ದೇನೆ. ಕಟ್ಟಡದ ಕೂಲಿಯವರು ಮನೆ ಇಲ್ಲದವರೂ ಅಲ್ಲ, ಮನೆ ಇರುವವರೂ ಅಲ್ಲ.

ಗಣತಿ ಮುಗಿದ ಮೇಲೆ ಸರ್ಕಾರವೇ ಒಂದು ಮರು ಸಮೀಕ್ಷೆ ಮಾಡಿ ಎಷ್ಟು ಜನ ತಪ್ಪಿಹೋದರು ಅಂತ ನೋಡುತ್ತದೆ. 2011ರಲ್ಲಿ ದೇಶದಲ್ಲಿ 1,000ಕ್ಕೆ 23 ಮಂದಿ ತಪ್ಪಿದ್ದರು. ಬಹಳ ಅಲ್ಲ ಅನಿಸಬಹುದು. ಆದರೆ ತಪ್ಪುವವರು ಎಲ್ಲ ಊರಿಂದಲೂ ಸಮನಾಗಿ ತಪ್ಪುವುದಿಲ್ಲ, ಅಲ್ವಾ? ಬೀಗ ಹಾಕಿದ ಓಣಿಯಿಂದಲೇ ತಪ್ಪುತ್ತಾರೆ.

ಇನ್ನೊಂದು ನೆನಪು. ಹೆಣ್ಣುಮಕ್ಕಳು ಗಂಡನ ಹೆಸರು ಹೇಳುತ್ತಿರಲಿಲ್ಲ. ನಾಚಿಕೊಂಡು ಮಗನ ಕಡೆ ಕೈ ತೋರಿಸುತ್ತಿದ್ದರು. ನಾನು ಮೊದಲು ಸಿಟ್ಟಾಗುತ್ತಿದ್ದೆ. ಆಮೇಲೆ ಗೊತ್ತಾಯಿತು, 1948ರ ಜನಗಣತಿ ಕಾಯ್ದೆಯಲ್ಲೇ ಇದೆ: ಗಂಡನ ಹೆಸರು ಹೇಳಲೇಬೇಕು ಅಂತ ಹೆಣ್ಣುಮಕ್ಕಳನ್ನು ಒತ್ತಾಯಿಸುವಂತಿಲ್ಲ. ಕಾಯ್ದೆ ಬರೆದವರಿಗೆ ನಮ್ಮ ಓಣಿ ಗೊತ್ತಿತ್ತು ನೋಡಿ.


ತಾಂಡಾ ಹುಡುಗ (ಚಿಂಚೋಳಿ)

ಮಾಸ್ತರ ಹೇಳಿದ್ದರ ಮೇಲೆ ಇನ್ನೊಂದು. ನಮ್ಮ ತಾಂಡಾ ಎಷ್ಟೋ ವರ್ಷ ಪಕ್ಕದ ಊರಿನ ಲೆಕ್ಕದಲ್ಲೇ ಇತ್ತು. ಅಂಗನವಾಡಿ ಕೇಳಿದರೆ "ನಿಮ್ಮ ಊರಿಗೆ ಇದೆಯಲ್ಲ" ಅಂತಾರೆ. ಊರಲ್ಲಿದೆ, ತಾಂಡಾದಲ್ಲಿ ಇಲ್ಲ. 400ರಿಂದ 800 ಜನಕ್ಕೆ ಒಂದು ಅಂಗನವಾಡಿ ಅನ್ನೋ ಲೆಕ್ಕ ಕಾಗದದಲ್ಲಿ ಸರಿಹೋಗುತ್ತೆ, ನಡೆಯುವುದು ಮಾತ್ರ ಚಿಕ್ಕ ಮಕ್ಕಳು.

2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ಬಂದು ಐದು ಜಿಲ್ಲೆಯ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟ ಕಾರ್ಯಕ್ರಮ ಎಲ್ಲರಿಗೂ ನೆನಪಿರಬೇಕು. ಕಂದಾಯ ಗ್ರಾಮ ಆದ ತಾಂಡಾಗಳಿಗೆ ಈಗ ಸ್ವಂತ ಹೆಸರು. ಆದರೆ ಗಣತಿಗಾಗಿ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ನಿಲ್ಲಿಸಿದ್ದಾರೆ. ಅಷ್ಟರೊಳಗೆ ಕಾಗದ ಪೂರ್ತಿ ಆಗದ ತಾಂಡಾ ಇನ್ನೂ ಹತ್ತು ವರ್ಷ ಪಕ್ಕದ ಊರಿನ ಬಾಲ. ಈ ದಿನಾಂಕವನ್ನು ಮೊದಲೇ ಓಡಾಡಿ ಹೇಳುವವರು ಯಾರಾದರೂ ಇದ್ದಿದ್ದರೆ! ಸಂಸ್ಥೆಗಳು ಮಾಡಬೇಕಿದ್ದ ಕೆಲಸ ಅದು. ನೀವು ಆಗ ಎಲ್ಲಿದ್ರಿ ಅಂತ ಜಗಳಕ್ಕೆ ಕೇಳ್ತಿಲ್ಲ ಅಣ್ಣಾ, ನಮ್ಮ ತಾಂಡಾದ ಓದಿದ ಹುಡುಗರಿಗೂ ಗೊತ್ತಿರಲಿಲ್ಲ. ನನಗೂ.

ಭಾಷೆ ವಿಷಯ ಕೂಡ ಹೇಳಿಬಿಡ್ತೀನಿ. 2011ರಲ್ಲಿ ಲಮಾಣಿ/ಲಂಬಾಡಿ ನಮ್ಮ ಮಾತೃಭಾಷೆ ಅಂತ ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ಬರೆಸಿದರು. ಪಟ್ಟಿ ಬಂದಾಗ ನೋಡಿದರೆ ಅದನ್ನು ಹಿಂದಿ ಅನ್ನೋ ತಲೆಬರಹದ ಕೆಳಗೆ ಸೇರಿಸಿದ್ದರು. ನಮ್ಮ ಯಾಡಿಗೆ (ಅವ್ವನಿಗೆ) ಹಿಂದಿ ಬರಲ್ಲ. ಲೆಕ್ಕದಲ್ಲಿ ಹಿಂದಿಯವಳು.


ಸುಮ್ನೆ ಓದುವವ

ಅದೆಲ್ಲಾ ಸರಿ. ಆದರೆ ಜನ ಸಾಕಾಗಿದ್ದಾರೆ. 2025ರ ಮೇನಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಸಮೀಕ್ಷೆ. ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ, 60 ಪ್ರಶ್ನೆ. ಈಗ ಜನಗಣತಿ, ಅದರಲ್ಲೂ ಜಾತಿ. ನಮ್ಮ ಮನೆ ಬಾಗಿಲಿಗೆ ಅಂಟಿಸಿದ ಚೀಟಿ ಎಣಿಸಿದರೇ ಒಂದು ಗಣತಿ ಆಗುತ್ತೆ. ನಮ್ಮವ್ವ ಕೇಳ್ತಾಳೆ, "ಎಷ್ಟು ಸಲ ಎಣಿಸಿದ್ರೂ ನಾವು ಐದೇ ಮಂದಿ, ಇವರಿಗೆ ಲೆಕ್ಕ ಬರಂಗಿಲ್ಲೇನು?"


ತಾಂಡಾ ಹುಡುಗ

ಹಹ್ಹಾ, ಅವ್ವನಿಗೆ ನಮಸ್ಕಾರ ಹೇಳಿ. ಆದರೆ ಒಳಮೀಸಲಾತಿ ಸಮೀಕ್ಷೆ ಸುಮ್ನೆ ಮಾಡಿದ್ದಲ್ಲ. ಪಟ್ಟಿಯಲ್ಲಿ 101 ಜಾತಿ. ಎಷ್ಟೋ ಮನೆಗಳು ಆದಿ ಕರ್ನಾಟಕ, ಆದಿ ದ್ರಾವಿಡ ಅಂತಷ್ಟೇ ಬರೆಸಿದ್ದರಿಂದ ಯಾರು ಹೊಲೆಯ, ಯಾರು ಮಾದಿಗ ಅಂತ ಗೊತ್ತಾಗ್ತಿರಲಿಲ್ಲ. ಆ ಲೆಕ್ಕ ಬಂದ ಮೇಲೇ 17 ಪರ್ಸೆಂಟನ್ನು 6, 6, 5 ಅಂತ ಹಂಚಲು ಸಂಪುಟ ಒಪ್ಪಿದ್ದು. ಆ ಹಂಚಿಕೆ ಬಗ್ಗೆ ನಮ್ಮವರಿಗೆ ತಕರಾರಿದೆ, ಅದು ಬೇರೆ ಮಾತು. ಬರೆಸಿದ ಒಂದು ಪದದಿಂದ ನೌಕರಿ ಬದಲಾಗುತ್ತೆ ಅಂತಷ್ಟೇ ಹೇಳಿದೆ.


ಲೆಕ್ಕದ ಪುಸ್ತಕ (ಬೆಂಗಳೂರು, ಮೂಲ ಯಾದಗಿರಿ)

ಓಟಿನ ತೂಕದ ಲೆಕ್ಕ ಯಾರೂ ಹೇಳಲಿಲ್ಲ. ನಾನು ಹೇಳ್ತೀನಿ.

2011ರ ಗಣತಿ ಪ್ರಕಾರ ಯಾದಗಿರಿ ಜಿಲ್ಲೆ 11,74,271 ಜನ. ಉಡುಪಿ 11,77,361. ಹೆಚ್ಚು ಕಡಿಮೆ ಒಂದೇ. ಚಿಕ್ಕಮಗಳೂರು ಇನ್ನೂ ಕಡಿಮೆ, 11,37,961. ಈಗ ಶಾಸಕರನ್ನು ಎಣಿಸಿ. ಉಡುಪಿಗೆ 5, ಚಿಕ್ಕಮಗಳೂರಿಗೆ 5. ಯಾದಗಿರಿಗೆ 4: ಸುರಪುರ, ಶಹಾಪುರ, ಯಾದಗಿರಿ, ಗುರುಮಠಕಲ್.

ಯಾರೋ ಮೋಸ ಮಾಡಿದರು ಅಂತ ಕೂಗಬೇಡಿ. 2008ರಲ್ಲಿ ಕ್ಷೇತ್ರ ಮರುವಿಂಗಡಣೆ ಆದಾಗ ಹಿಡಿದದ್ದು 2001ರ ಲೆಕ್ಕ. ಆಗ ಯಾದಗಿರಿ ಜಿಲ್ಲೆಯೇ ಇರಲಿಲ್ಲ, ಗುಲಬರ್ಗಾದ ಭಾಗ. ಆಮೇಲೆ ಹತ್ತು ವರ್ಷದಲ್ಲಿ ಯಾದಗಿರಿ ಬೆಳೆಯಿತು, ಚಿಕ್ಕಮಗಳೂರು ಬೆಳೆಯಲಿಲ್ಲ. ರಾಜ್ಯದ ಒಟ್ಟು ಜನರನ್ನು 224ರಿಂದ ಭಾಗಿಸಿದರೆ 2011ರಲ್ಲಿ ಒಂದು ಕ್ಷೇತ್ರಕ್ಕೆ ಸುಮಾರು 2,72,700. ಯಾದಗಿರಿಗೆ 4.3 ಬರುತ್ತೆ. ಕಲಬುರಗಿಗೆ 9.4, ಇರುವುದು 9. ಬೀದರಿಗೆ 6.2, ಇರುವುದು 6. ಮೂರೂ ಜಿಲ್ಲೆಯಲ್ಲಿ ಚೂರು ಚೂರು ಬಾಕಿ.

ಲೋಕಸಭೆಯ ಕಥೆ ಇನ್ನೂ ಹಳೆಯದು. ಯಾವ ರಾಜ್ಯಕ್ಕೆ ಎಷ್ಟು ಸೀಟು ಅನ್ನೋದು ಇವತ್ತಿಗೂ 1971ರ ಗಣತಿ ಮೇಲೆ ನಿಂತಿದೆ. 1976ರಲ್ಲಿ ತಡೆದರು, ಆಮೇಲೆ 84ನೇ ತಿದ್ದುಪಡಿಯಲ್ಲಿ 2026ರ ನಂತರದ ಮೊದಲ ಗಣತಿವರೆಗೆ ಅಂತ ಮುಂದೂಡಿದರು. ಅದು ಉತ್ತರ ದಕ್ಷಿಣದ ದೊಡ್ಡ ಜಗಳ, ಟಿವಿಯಲ್ಲಿ ನೋಡಿಕೊಳ್ಳಿ. ನನಗೆ ಚಿಂತೆ ಆಗಿರೋದು ರಾಜ್ಯದ ಒಳಗಿನ ಜಗಳ. ಬೆಂಗಳೂರು ನಗರ ಜಿಲ್ಲೆಯಲ್ಲಿ 2011ರಲ್ಲೇ 96 ಲಕ್ಷ ಜನ, 28 ಕ್ಷೇತ್ರ. ಇನ್ನೂ ಏಳು ಸಿಗಬೇಕಿತ್ತು. ಮುಂದೆ ಯಾವಾಗಲಾದರೂ ಸೀಟು ಹೊಸದಾಗಿ ಹಂಚಿದರೆ ಅದು ಕೇಳುವವರ ಸಾಲಲ್ಲಿ ಮೊದಲು ನಿಲ್ಲುತ್ತೆ.

ಈಗ ಮಾಸ್ತರ ಹೇಳಿದ ನಿಯಮ ಸೇರಿಸಿ ನೋಡಿ. ನಮ್ಮ ಗೌಂಡಿ ಫೆಬ್ರವರಿಯಲ್ಲಿ ಬೆಂಗಳೂರಿನ ಶೆಡ್‌ನಲ್ಲಿ ಎಣಿಕೆಯಾದ. ಅವನ ತಲೆ ಬೆಂಗಳೂರಿನ ಸೀಟಿಗೆ ಸೇರಿತು. ಅವನ ಓಟು ಶಹಾಪುರದಲ್ಲಿ. ಅಂದರೆ ಅವನು ಎಂದೂ ಓಟು ಹಾಕದ ಕ್ಷೇತ್ರವನ್ನು ಅವನೇ ಹುಟ್ಟಿಸುತ್ತಾನೆ. ಓಟು ಹಾಕುವ ಜಿಲ್ಲೆಯಲ್ಲಿ ಅವನು ಲೆಕ್ಕಕ್ಕೇ ಇಲ್ಲ.


ಕಟ್ಟೆ ಮಾತು

ಇದನ್ನು ನಾನು ಹೀಗೆ ಯೋಚಿಸಿಯೇ ಇರಲಿಲ್ಲ. ಎರಡು ಸಲ ಓದಿದೆ. ಹಾಗಾದರೆ ಫೆಬ್ರವರಿಯಲ್ಲಿ ಎಲ್ಲರೂ ಊರಿಗೆ ಬನ್ನಿ, ಇಲ್ಲೇ ಬರೆಸಿ ಅಂತ ನಾವು ಡಂಗುರ ಹೊಡೆಸಬೇಕಾ?


ಬೀದರ್ ಅಕ್ಕ

ಬೇಡ ತಮ್ಮಾ, ದಯವಿಟ್ಟು ಬೇಡ. ನೀವು ಡಂಗುರ ಹೊಡೆದ ದಿನವೇ ಸಂಸ್ಥೆ ರಾಜಕೀಯ ಆಯಿತು.

ನಾನು ಭಾಲ್ಕಿ, ಔರಾದ ಕಡೆ ಮಹಿಳಾ ಸಂಘಗಳ ಜೊತೆ ಇಪ್ಪತ್ತು ವರ್ಷದಿಂದ ಇದ್ದೇನೆ. ಕಬ್ಬು ಕಡಿಯುವವರ ಟೋಳಿ (ಗುಂಪು) ಮಹಾರಾಷ್ಟ್ರಕ್ಕೆ ಹೋಗುತ್ತೆ. ಮುಕಾದಮನ (ಕೂಲಿ ಮೇಸ್ತ್ರಿಯ) ಹತ್ತಿರ ಉಚಲ್, ಅಂದ್ರೆ ಮುಂಗಡ, ತಗೊಂಡು ಹೋದವರು ಫೆಬ್ರವರಿ ನಡುವೆ ಬಿಟ್ಟು ಬರಲು ಆಗುತ್ತಾ? ಬಂದರೆ ಕೂಲಿ ಹೋಯಿತು, ಮುಂದಿನ ವರ್ಷದ ಟೋಳಿಯಲ್ಲಿ ಜಾಗವೂ ಹೋಯಿತು. ಶಾಸಕರ ಸೀಟಿನ 0.3ಕ್ಕಾಗಿ ಅವರು ಹಸಿದು ಇರಬೇಕಾ?

ಇನ್ನೊಂದು ಯೋಚಿಸಿ. ಅವರು ವರ್ಷದಲ್ಲಿ ಎಷ್ಟೋ ತಿಂಗಳು ನೀರು ಕುಡಿಯುವುದು, ಮಗುವಿಗೆ ಸೂಜಿ ಹಾಕಿಸುವುದು ಎಲ್ಲಿ? ಅಲ್ಲೇ. ಅಲ್ಲಿನ ಲೆಕ್ಕದಲ್ಲಿ ಅವರು ಬಂದರೆ ಅಲ್ಲಿ ನಲ್ಲಿ, ಅಂಗನವಾಡಿ ಕೇಳಲು ಬಾಯಿ ಬರುತ್ತೆ. ಅಲ್ಲಿ ಎಣಿಕೆ ಆಗೋದು ಕೆಟ್ಟದ್ದಲ್ಲ. ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅನ್ನೋದು ಕೆಟ್ಟದ್ದು. ಮಾಸ್ತರ ಹೇಳಿದ ಸಿಮೆಂಟ್ ಚೀಲದ ಪಕ್ಕ ಮಲಗಿದವನು ಆ ಎರಡನೇ ಗುಂಪಿಗೆ ಸೇರಿದವನು.

ಹೆಣ್ಣುಮಕ್ಕಳದ್ದು ಬೇರೆಯೇ. ಎಷ್ಟು ಜನ ಅಂತ ಕೇಳಿದರೆ ಮನೆಯ ಯಜಮಾನ "ನಾಲ್ಕು" ಅಂತಾನೆ. ಒಳಗೆ ಹೋಗಿ ನೋಡಿದರೆ ಆರು. ಇನ್ನೂ ಹೆಸರಿಡದ ಕೂಸು ಒಂದು, ತವರಿಗೆ ಬಂದ ಗಂಡ ಬಿಟ್ಟ ಮಗಳು ಒಂದು. ಅವಳ ಓಟಿನ ಹೆಸರು ಮದುವೆಯಾದಾಗ ತವರಲ್ಲಿ ತೆಗೆದರು, ಗಂಡನ ಊರಲ್ಲಿ ಸೇರಿಸಲಿಲ್ಲ. ಈ ಸಲ ಮೊಬೈಲ್‌ನಲ್ಲಿ ನಾವೇ ತುಂಬಬಹುದಂತೆ. ಯಾರ ಮೊಬೈಲ್? ಗಂಡಸರದ್ದೇ. ಅವನು ಅಲ್ಲೂ "ನಾಲ್ಕು" ಅಂತಲೇ ಒತ್ತುತ್ತಾನೆ.

ನಮ್ಮ ಬೀದರದ ಕೆಲವು ಓಣಿಗಳಲ್ಲಿ ಮತ್ತೊಂದು ಭಯ. ಗಣತಿಯವರು ಕಾಗದ ಕೇಳಿ ಪೌರತ್ವ ನೋಡ್ತಾರೆ ಅಂತ. ಗಣತಿಯಲ್ಲಿ ಹೇಳಿದ್ದನ್ನು ಬರೆದುಕೊಳ್ತಾರೆ, ದಾಖಲೆ ತೋರಿಸಬೇಕಿಲ್ಲ. ಹೇಳಿದ್ದು ಗುಟ್ಟಾಗಿರಬೇಕು ಅಂತ ಕಾಯ್ದೆಯ 15ನೇ ಕಲಂನಲ್ಲಿದೆ, ಅದನ್ನು ಸಾಕ್ಷಿಯಾಗಿ ಕೋರ್ಟಿಗೂ ತರುವಂತಿಲ್ಲ. ಇದನ್ನು ಸರ್ಕಾರಿ ಜೀಪಿನ ಮೈಕ್ ಹೇಳಿದರೆ ನಂಬಲ್ಲ. ಹತ್ತು ವರ್ಷದಿಂದ ಚೀಟಿ ದುಡ್ಡು ಕೂಡಿಸಿದ ಸಂಘದ ಅಕ್ಕ ಕನ್ನಡದಲ್ಲಿ, ಉರ್ದುವಿನಲ್ಲಿ, ಮರಾಠಿಯಲ್ಲಿ ಕೂತು ಹೇಳಿದರೆ ನಂಬ್ತಾರೆ. ಸಂಸ್ಥೆಗಳ ಬಂಡವಾಳ ಅದೊಂದೇ. ಅದನ್ನು ಪಟ್ಟಿ ಮಾಡಲು, ಡಂಗುರ ಹೊಡೆಯಲು ಖರ್ಚು ಮಾಡಬೇಡಿ.


ಲೆಕ್ಕದ ಪುಸ್ತಕ

ಅಕ್ಕಾ, 0.3 ಅಂತ ಹಗುರ ಮಾಡಬೇಡಿ. ಗ್ರಾಮ ಪಂಚಾಯ್ತಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ. ಒಂದು ಓಣಿಯಿಂದ ನೂರೈವತ್ತು ಮಂದಿ ಗುಳೆ ಹೋದರೆ ಅದು ದಶಾಂಶ ಅಲ್ಲ, ಒಬ್ಬ ಸದಸ್ಯನ ಮೂರನೇ ಒಂದು ಪಾಲಿಗಿಂತ ಹೆಚ್ಚು. ಪರಿಶಿಷ್ಟ ಜಾತಿ, ಪಂಗಡದ ಮೀಸಲು ಸೀಟೂ ಅದೇ ಲೆಕ್ಕದಲ್ಲಿ ಬರೋದು. ಗುಳೆ ಹೋಗುವವರು ಯಾರು ಜಾಸ್ತಿ ಅಂತ ನಿಮಗೇ ಗೊತ್ತು.

ಆದರೆ ಕರೆಸಬಾರದು ಅನ್ನೋ ಮಾತು ಒಪ್ಪಿದೆ. ಸುಳ್ಳು ಬರೆಸಿ ಸೀಟು ತಗೊಂಡ ಹಾಗಾಗುತ್ತೆ.


ಕರಿಕೋಟು

ಅಕ್ಕನ ಮಾತಿಗೆ ನನ್ನ ಸಹಿ ಇದೆ. ಕಾನೂನು ಕೂಡ ಸಂಸ್ಥೆಗೆ ಆ ಗೆರೆಯನ್ನೇ ಹಾಕಿದೆ. ಗಣತಿಯಲ್ಲಿ ಮನೆಯವರೇ ತುಂಬದಿದ್ದರೆ ಬರೆಯುವವರು ಸರ್ಕಾರ ನೇಮಿಸಿದ ಎಣಿಕೆದಾರರು ಮಾತ್ರ. ಮತದಾರರ ಅರ್ಜಿಗಳನ್ನು ಸಂಸ್ಥೆಯವರು ಕಟ್ಟು ಕಟ್ಟಾಗಿ ಒಯ್ದರೆ ತಗೊಳ್ಳುವುದಿಲ್ಲ. ಸುಳ್ಳು ಅಂತ ಗೊತ್ತಿದ್ದೂ ಸಹಿ ಮಾಡಿದರೆ 1950ರ ಕಾಯ್ದೆಯ 31ನೇ ಕಲಂನಲ್ಲಿ ಒಂದು ವರ್ಷದವರೆಗೆ ಜೈಲು ಇದೆ. ಹಾಗಾಗಿ ಪೆನ್ನು ನಿಮ್ಮ ಕೈಯಲ್ಲಿ ಬೇಡ. ಫೋಟೋ ತೆಗೆಯಬೇಡಿ, ಆಧಾರ್ ನಂಬರ್ ಬರೆದುಕೊಳ್ಳಬೇಡಿ, ಗೂಗಲ್ ಶೀಟ್ ಅಂತೂ ತೆರೆಯಲೇಬೇಡಿ. ನೆರವು ಮಾಡಲು ನಿಮ್ಮ ಹತ್ತಿರ ಯಾರ ಮಾಹಿತಿಯೂ ಇರಬೇಕಾಗಿಲ್ಲ.

ಬೂತ್ ಅಕ್ಕನ ಬೀಗದ ಸಮಸ್ಯೆಗೆ ಒಂದು ಉಪಾಯ. ಗುಳೆ ಹೋಗುವ ಮೊದಲು ಮನೆಯವರೇ ಒಂದು ಚೀಟಿಯಲ್ಲಿ "ದುಡಿಯಲು ಹೋಗಿದ್ದೇವೆ, ಇಂಥ ತಿಂಗಳು ಬರುತ್ತೇವೆ, ಈ ನಂಬರಿಗೆ ಫೋನ್ ಮಾಡಿ" ಅಂತ ಬರೆದು ನೇರವಾಗಿ ಬಿಎಲ್‌ಒ ಕೈಗೆ ಕೊಡಲಿ. ನಡುವೆ ನೀವು ಬೇಡ. ಬರೆಯಲು ಬಾರದವರಿಗೆ ನಿಮ್ಮ ಸಂಜೆ ಶಾಲೆಯ ಮಕ್ಕಳೇ ಬರೆದುಕೊಡಲಿ. ಅದಕ್ಕಿಂತ ಒಳ್ಳೆಯ ಪಾಠ ಯಾವುದಿದೆ?

ಕರಡು ಪಟ್ಟಿ ಬಂದಾಗ ಗ್ರಾಮಸಭೆಯಲ್ಲಿ ಓದಿ ಹೇಳುವ ಕ್ರಮ ಇದೆ. ಅದನ್ನು ಮಾಡಿಸಿ. ಜೋರಾಗಿ ಓದಿಸಿ. ಸತ್ತವರ ಹೆಸರು ಬಂದಾಗ ಜನ ನಗ್ತಾರೆ, ಬದುಕಿದವರ ಹೆಸರು ಬಿಟ್ಟುಹೋದರೆ ಎದ್ದು ನಿಲ್ತಾರೆ.


ಬೂತ್ ಅಕ್ಕ

ಚೀಟಿ ಆದರೆ ನಡೆಯುತ್ತೆ ಸರ್. ನಾನು ಪಟ್ಟಿಯ ಪುಟಕ್ಕೇ ಪಿನ್ ಹೊಡೀತೀನಿ. ಮೇಲಿನವರು ಕೇಳಿದರೆ ತೋರಿಸಲು ಏನಾದರೂ ಇರುತ್ತಲ್ಲ.


ಸುಮ್ನೆ ಓದುವವ

ಇಷ್ಟು ಕಟ್ಟುನಿಟ್ಟು ಇದ್ದರೆ ನನ್ನ ತಕರಾರು ಅರ್ಧ ಹಿಂದಕ್ಕೆ. ಉಳಿದ ಅರ್ಧ: ಫಂಡು ಎಲ್ಲಿಂದ? ಅದನ್ನೂ ಗ್ರಾಮಸಭೆಯಲ್ಲಿ ಓದಿ.


ಕಟ್ಟೆ ಮಾತು

ಓದುತ್ತೇವೆ. ಎರಡು ಬೈಕಿನ ಪೆಟ್ರೋಲ್, ಕೋಣೆ ಬಾಡಿಗೆ, ಸೀಮೆಸುಣ್ಣ. ಅರ್ಧ ನಿಮಿಷದ ಕೆಲಸ.


ಶೆಡ್ ನಂಬರ್ ಇಲ್ಲ (ಪುಣೆ)

ನಮಸ್ಕಾರ್ರೀ. ನಾನು ಜೇವರ್ಗಿ ಕಡೆಯವನು, ಇಲ್ಲಿ ಗೌಂಡಿ. ಊಟದ ಹೊತ್ತಲ್ಲಿ ನಿಮ್ಮ ಮಾತು ಎಲ್ಲ ಓದಿದೆ. ನನ್ನ ಓಟು ಊರಲ್ಲೇ ಇರಲಿ, ಅದನ್ನು ಬಿಡಲ್ಲ. ಇಲ್ಲಿ ಹಾಕಿದರೆ ಯಾರಿಗೆ ಹಾಕಿದೆ ಅಂತ ನನಗೇ ಗೊತ್ತಾಗಲ್ಲ.

ಎಣಿಕೆಗೆ ನಾನು ತಯಾರು. ಆದರೆ ನಮ್ಮ ಶೆಡ್ ಎರಡು ತಿಂಗಳ ಹಿಂದೆ ಹಾಕಿದ್ದು. ಇಲ್ಲಿ ಮನೆ ಪಟ್ಟಿ ಮಾಡಿದಾಗ ಈ ಜಾಗ ಬಯಲಿತ್ತು. ಹದಿನಾಲ್ಕು ಶೆಡ್, ಎಲ್ಲಾ ಯಾದಗಿರಿ, ಕಲಬುರಗಿ ಮಂದಿ. ಗೇಟಲ್ಲಿ ವಾಚ್‌ಮನ್ ಹೊರಗಿನವರನ್ನು ಬಿಡಲ್ಲ. ಎಣಿಸುವವರು ಬಂದರೆ ನಾವು ಒಳಗಿದ್ದೇವೆ ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?


ರಿಟೈರ್ಡ್ ಮಾಸ್ತರ

ತಮ್ಮಾ, ಬಹಳ ಒಳ್ಳೆಯ ಪ್ರಶ್ನೆ ಕೇಳಿದೆ. ಮನೆ ಪಟ್ಟಿ ಆದ ಮೇಲೆ ಹೊಸದಾಗಿ ಎದ್ದ ಮನೆ, ಶೆಡ್ ಎಲ್ಲವನ್ನೂ ಎಣಿಕೆದಾರ ತನ್ನ ಬ್ಲಾಕಿಗೆ ಸೇರಿಸಿಕೊಂಡು ಎಣಿಸಬೇಕು. ಆದರೆ ಅವನಿಗೆ ಕಾಣಬೇಕಲ್ಲ. ಹದಿನಾಲ್ಕು ಶೆಡ್‌ಗೂ ನೀವೇ 1ರಿಂದ 14 ಅಂತ ನಂಬರ್ ಬರೆಯಿರಿ. ಅದು ಸರ್ಕಾರಿ ನಂಬರ್ ಅಲ್ಲ, ಆದರೆ ಇಲ್ಲಿ ಮನೆಗಳಿವೆ ಅಂತ ಹೇಳುತ್ತೆ. ಫೆಬ್ರವರಿ ಮೊದಲ ವಾರದಲ್ಲಿ ಒಬ್ಬರು ಹೋಗಿ ಅಲ್ಲಿನ ವಾರ್ಡ್ ಕಚೇರಿಯಲ್ಲಿ ಗಣತಿಯವರು ಯಾರು ಅಂತ ಕೇಳಿ. ಮರಾಠಿ ಬರುವವರನ್ನು ಕಳಿಸಿ. ಕೂಸುಗಳನ್ನೂ ಬರೆಸಿ, ಹೆಸರಿಡದಿದ್ದರೂ ಬರೆಸಿ. ಮಾತೃಭಾಷೆ ಕನ್ನಡ ಅಂತ ನೀವೇ ಹೇಳಿ, ಅವರು ಊಹೆ ಮಾಡಿ ಬರೆಯುವುದು ಬೇಡ.


ಬೀದರ್ ಅಕ್ಕ

ವಾಚ್‌ಮನ್‌ಗೆ ನಾನು ಮಾತಾಡ್ತೀನಿ. ಪುಣೆಯಲ್ಲಿ ನಮ್ಮ ಭಾಗದ ಕೂಲಿಕಾರರ ಜೊತೆ ಕೆಲಸ ಮಾಡುವ ಹೆಣ್ಣುಮಕ್ಕಳ ಗುಂಪೊಂದು ನನಗೆ ಪರಿಚಯ. ಅವರು ಬಂದು ಗೇಟಲ್ಲಿ ನಿಂತರೆ ಸಾಕು. ಕಟ್ಟೆ ಮಾತು ತಮ್ಮಾ, ನಿನ್ನ ಸಂಸ್ಥೆ ಇದೊಂದು ಮಾಡಲಿ: ಯಾವ ಊರಿನವರು ಯಾವ ನಗರದ ಯಾವ ಕೆಲಸದ ಜಾಗದಲ್ಲಿದ್ದಾರೆ ಅಂತ ಕೇಳಿ ಅಲ್ಲಿನ ಸಂಸ್ಥೆಗೆ ಹೇಳು. ಜಾಗದ ಹೆಸರು ಸಾಕು, ಮನುಷ್ಯರ ಹೆಸರು ಬೇಡ.


ಕಟ್ಟೆ ಮಾತು

ಸರಿ ಅಕ್ಕಾ. ಜಾಗ ಮಾತ್ರ. ಸಮಿತಿಯ ಹಿರಿಯರಿಗೂ ಇದನ್ನೇ ಓದಿ ಹೇಳಿದೆ. "ಇದರಲ್ಲಿ ರಾಜಕೀಯ ಎಲ್ಲಿದೆ, ಇದು ವಿಳಾಸ ಕೊಡೋ ಕೆಲಸ" ಅಂದರು. ಒಪ್ಪಿದ ಹಾಗೇ ಅಂತ ತಗೊಂಡಿದ್ದೇನೆ.


ಶೆಡ್ ನಂಬರ್ ಇಲ್ಲ

ಮಾಸ್ತರೇ, ನಮ್ಮ ಗೋಡೆ ಎಲ್ಲಾ ತಗಡು. ಸೀಮೆಸುಣ್ಣ ನಿಲ್ಲಲ್ಲ.


ರಿಟೈರ್ಡ್ ಮಾಸ್ತರ

ಸೈಟಿನಲ್ಲಿ ಪೇಂಟಿನ ಡಬ್ಬಿ ಇರುತ್ತಲ್ಲ. ಅದರಲ್ಲಿ ಬರಿ. ದೊಡ್ಡದಾಗಿ ಬರಿ, ರಸ್ತೆಗೆ ಕಾಣುವ ಹಾಗೆ.


ಶೆಡ್ ನಂಬರ್ ಇಲ್ಲ

ಬರೆದೆ ಸರ್. ಕೆಂಪು ಬಣ್ಣ ಇತ್ತು. ನಮ್ಮದು 9.